ಉಪ್ಪಿಲ್ಲದ ಕರೆ

ಸಂದರ್ಶನ ಎಲ್ಲಿ ಮುಗಿಯುತ್ತದೆ, ಕೆಲಸ ಎಲ್ಲಿ ಶುರುವಾಗುತ್ತದೆ ಎಂಬುದನ್ನು ಯಾರಾದರೂ ನನಗೆ ಹೇಳಬೇಕು. ಇದನ್ನು ವಿನಂತಿ ಎಂದು ಓದಿಕೊಳ್ಳಬೇಡಿ. ಒಂದೇ ಸಣ್ಣ ಮಾರ್ಕೆಟಿಂಗ್ ಕಂಪನಿಯ ಒಂದೇ ಹುದ್ದೆಗಾಗಿ ಜಹೀರಾಬಾದಿನಲ್ಲಿ ಒಂದು ಸಲ, ನಾರಾಯಣಖೇಡದಲ್ಲಿ ಒಂದು ಸಲ, ತಾಂಡೂರಿನಲ್ಲಿ ಒಂದು ಸಲ ಕೂತು ಎದ್ದು ಬಂದಿದ್ದೇನೆ. ಆ ಹುದ್ದೆ ಸಿಕ್ಕಿತೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಸಿಗಲಿಲ್ಲ ಎಂದಾದರೆ ನನ್ನ ದನಿ ಆಟೋದ ನೆತ್ತಿಯ ಮೇಲೆ ಕೂತು ಊರೂರು ತಿರುಗಿದ್ದು ಹೇಗೆ? ಸಿಕ್ಕಿತ್ತು ಎಂದಾದರೆ, ಅದೇ ದಿನಗಳಲ್ಲಿ ನಾನು ಮನೆಯ ಕಟ್ಟೆಯ ಮೇಲೆ ಕೂತು ಫೋನಿನ ಪರದೆ ಒರೆಸಿ ಒರೆಸಿ ನೋಡುತ್ತಿದ್ದುದು ಏಕೆ?

ನಮ್ಮ ಊರು ನಾಗಲಗಿದ್ದದಿಂದ ಆಚೆ, ತೆಲುಗು ನಾಡಿನ ಒಳಗೆ, ಕನ್ನಡ ನಾಡಿನ ಗಡಿಗೆ ಆತುಕೊಂಡು ಇದೆ. ಹೊಲದ ಮೇಲಿನ ಬದುವಿನಲ್ಲಿ ನಿಂತರೆ ಫೋನು ಬೀದರ್ ಕಡೆಯ ಟವರ್ ಹಿಡಿಯುತ್ತದೆ, ಕೆಳಗಿನ ಬದುವಿಗೆ ಇಳಿದರೆ ನಮ್ಮದನ್ನು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಸಂತೆಯಲ್ಲಿ ಉರ್ದು ಮಾತಾಡಿ ಬೆಳೆದವಳು ನಾನು. ಕಲಬುರಗಿಗೆ ಹೋಗಿ ಕನ್ನಡದಲ್ಲಿ ಎಂ.ಎ. ಮಾಡಿದೆ. ಮರಳಿ ಬಂದ ಮೇಲೆ ತಿಳಿದದ್ದು, ಆ ಕಡೆಯ ಅರ್ಜಿಗಳಲ್ಲಿ ನಾನು ಹೊರ ರಾಜ್ಯದವಳು, ಈ ಕಡೆಯ ಅರ್ಜಿಗಳಲ್ಲಿ ನನ್ನ ವಿಷಯ ‘ಇತರೆ’. ಕಲಬುರಗಿಗೆ ಹೊರಟ ದಿನ ಅಪ್ಪ ಒಂದು ಮಾತು ಕೇಳಿದ್ದ. ‘ಮನ್ಯಾಗ ಆಡೋ ಮಾತ ಕಲಿಲಾಕ ಅಷ್ಟು ದೂರ ಎದಕ್ಕ ಹೋಗ್ತಿ?’ ಅದರಲ್ಲಿ ವ್ಯಂಗ್ಯವಿರಲಿಲ್ಲ. ನಿಜಕ್ಕೂ ಅವನಿಗೆ ಅರ್ಥವಾಗಿರಲಿಲ್ಲ. ಎರಡು ವರ್ಷ ಓದಿ ಬಂದ ಮೇಲೂ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಹೀಗಿರುವಾಗ ಗೆಳತಿಯೊಬ್ಬಳು ವಾಟ್ಸ್ಯಾಪಿನಲ್ಲಿ ಕಳಿಸಿದ ಜಾಹೀರಾತಿನಲ್ಲಿ ಮಾರ್ಕೆಟಿಂಗ್ ಎಕ್ಸಿಕ್ಯೂಟಿವ್, ಅನುಭವ ಬೇಕಿಲ್ಲ, ಕನ್ನಡ ಬಲ್ಲವರಿಗೆ ಆದ್ಯತೆ ಎಂದಿತ್ತು. ಕೊನೆಯ ಮೂರು ಪದಗಳನ್ನು ನಾನು ಬೆರಳಿನಿಂದ ಹಿಗ್ಗಿಸಿ ಓದಿದೆ. ನಾನು ಕಲಿತ ಭಾಷೆಗೆ ನನ್ನ ಊರಿನ ಸುತ್ತಲೇ ಒಂದು ಕೆಲಸವಿದೆ ಎಂದು ಅಪ್ಪನಿಗೆ ತೋರಿಸಬೇಕಿತ್ತು. ನನಗೆ ಬೇಕಾಗಿದ್ದುದು ಅಷ್ಟೇ, ಆದರೆ ಅದು ತುಂಬ ಬೇಕಾಗಿತ್ತು.

ಮೊದಲ ಸುತ್ತು ಜಹೀರಾಬಾದಿನಲ್ಲಿ. ಹೆದ್ದಾರಿಯ ಪಕ್ಕ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯ ಮೇಲೆ ಎರಡು ಕೋಣೆ. ಕೆಳಗೆ ಕಬ್ಬಿನ ಟ್ರ್ಯಾಕ್ಟರ್ ಹಾದಾಗಲೆಲ್ಲ ಮೇಲೆ ಮೇಜಿನ ಗಾಜು ಗಿರಗಿರ ನಡುಗುತ್ತಿತ್ತು. ಬಂದವರು ಹನ್ನೆರಡು ಜನ, ಪ್ಲಾಸ್ಟಿಕ್ ಕುರ್ಚಿಗಳು ಒಂಬತ್ತು. ಒಬ್ಬರು ಒಳಗೆ ಹೋದರೆ ಅವರ ಕುರ್ಚಿಗೆ ನಿಂತವರಲ್ಲೊಬ್ಬರು ಬರುವುದು, ಹೊರಬಂದವರು ಗೋಡೆಗೆ ಆತು ನಿಲ್ಲುವುದು. ನನ್ನ ಪಕ್ಕ ಕೂತಿದ್ದವಳು ಸಿರ್ಗಾಪುರದ ಹುಡುಗಿ, ಬಿ.ಕಾಂ. ಮುಗಿಸಿದವಳು. ಇಬ್ಬರಿಗೂ ಇಂಗ್ಲಿಷಿನ ಒಂದೊಂದು ಫಾರಂ ಕೊಟ್ಟರು. ಹಿಂದೆ ಜನ ಕಾಯುತ್ತಿದ್ದುದರಿಂದ ಹೆಸರು, ವಿಳಾಸ, ಮಾತೃಭಾಷೆ ತುಂಬಿ, ಅಡಿಯಲ್ಲಿದ್ದ ಸಣ್ಣ ಅಕ್ಷರಗಳನ್ನು ಓದದೆ ಸಹಿ ಹಾಕಿದೆ. ಪಠ್ಯವನ್ನು ಸಾಲು ಸಾಲಾಗಿ ಓದುವುದನ್ನೇ ಎರಡು ವರ್ಷ ಕಲಿತವಳು ನಾನು ಎಂಬುದನ್ನು ಇಲ್ಲಿ ದಾಖಲಿಸಿಡುತ್ತೇನೆ. ಇದರ ಲೆಕ್ಕವನ್ನು ಆಮೇಲೆ ಒಪ್ಪಿಸಬೇಕಾಗುತ್ತದೆ.

ಒಳಗೆ ಕೂತಿದ್ದವರು ಮ್ಯಾನೇಜರ್. ನಲವತ್ತರ ಆಸುಪಾಸು, ಎರಡು ಫೋನು, ಒಂದೇ ವಾಕ್ಯದಲ್ಲಿ ಮೂರು ಭಾಷೆ. ನನ್ನ ಅಂಕಪಟ್ಟಿಗಳ ಫೈಲನ್ನು ಅವರು ತೆರೆಯಲಿಲ್ಲ. ಮನೆಯಲ್ಲಿ ಏನು ಮಾಡುತ್ತಾರೆ ಎಂದು ಕೇಳಿದರು. ಹೊಲ, ಕುರಿ ಎಂದೆ. ಅವರು ತಟ್ಟನೆ ನೆಟ್ಟಗೆ ಕೂತು ಕುರಿ ಎಷ್ಟು ಎಂದರು. ನಮ್ಮಲ್ಲಿ ಕುರಿಯ ಸಂಖ್ಯೆಯನ್ನು ಹೊರಗಿನವರಿಗೆ ಯಾರೂ ನೇರವಾಗಿ ಹೇಳುವುದಿಲ್ಲ. ‘ಅದಾವ್ರೀ, ಮನಿಗಿ ಆಗೋವಷ್ಟು’ ಎಂದೆ. ಅವರು ಫಾರಮ್ಮಿನ ಮೇಲೆ ಐವತ್ತು ಎಂದು ಬರೆದುಕೊಂಡರು. ಉಪ್ಪು ಯಾವಾಗ ಕೊಡುತ್ತೀರಿ, ಕಲ್ಲಿನ ಮೇಲೋ ತೊಟ್ಟಿಯಲ್ಲೋ, ಬೆಳಿಗ್ಗೆಯೋ ಇಳಿಹೊತ್ತೋ ಎಂದೆಲ್ಲ ಕೇಳಿದರು. ಕನ್ನಡದ ಬಗ್ಗೆ ಒಂದೇ ಪ್ರಶ್ನೆ: ನಿಮ್ಮ ಕಡೆಯ ಕುರಿಯವರು ಅದನ್ನೇ ಮಾತಾಡುತ್ತಾರಲ್ಲವೇ?

ಮೆಟ್ಟಿಲು ಇಳಿಯುವಾಗ ಸಿರ್ಗಾಪುರದ ಹುಡುಗಿ ಕೇಳಿದಳು. ‘ಅಕ್ಕಾ, ನಮ್ಮಪ್ಪ ಗೊಬ್ಬರ ಯಾವ ದುಕಾನಿನ್ಯಾಗ ತರ್ತಾನ ಅಂತ ಕೇಳ್ಯಾರ. ನೌಕ್ರಿ ನಂಗ ಕೊಡ್ತಾರೋ ನಮ್ಮಪ್ಪಗೋ?’

ನಾನು ಅವಳಿಗೆ ಸಮಾಧಾನ ಹೇಳಿದೆ. ಇದೆಲ್ಲ ಮನಶ್ಶಾಸ್ತ್ರ, ಅಭ್ಯರ್ಥಿ ತನಗೆ ಗೊತ್ತಿರುವ ವಿಷಯವನ್ನು ಎಷ್ಟು ವಿಶ್ವಾಸದಿಂದ ಹೇಳುತ್ತಾಳೆ ಎಂದು ನೋಡುವ ವಿಧಾನ ಎಂದು ವಿವರಿಸಿದೆ. ಅವಳು ಗೌರವದಿಂದ ಕೇಳಿಸಿಕೊಂಡಳು. ಹೆಚ್ಚು ಓದಿದವರ ವಿವರಣೆಗಳಿಂದ ಉಳಿದವರಿಗೆ ಎಷ್ಟು ನಷ್ಟವಾಗಿದೆ ಎಂದು ಯೋಚಿಸಿದಾಗಲೆಲ್ಲ ನನಗೆ ಆ ಮೆಟ್ಟಿಲು ನೆನಪಾಗುತ್ತದೆ.

ಹತ್ತು ದಿನದ ಮೇಲೆ ನಾರಾಯಣಖೇಡಕ್ಕೆ ಕರೆದರು. ಬಸ್ ಸ್ಟ್ಯಾಂಡಿನ ಹಿಂದೆ, ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆ. ಈ ಸಲ ಐವರೇ ಇದ್ದೆವು. ಕಿಟಕಿಗಳಿಗೆ ಕಂಬಳಿ ಹೊದಿಸಿದ್ದರು, ಫ್ಯಾನು ನಿಲ್ಲಿಸಿದ್ದರು. ಮೇಜಿನ ಮೇಲೆ ಇಟ್ಟಿಗೆಯಷ್ಟು ದೊಡ್ಡದಾದ, ಇಟ್ಟಿಗೆಯದೇ ಬಣ್ಣದ ಒಂದು ಗಟ್ಟಿ. ಕುರಿ ಮೇಕೆ ನೆಕ್ಕುವ ಉಪ್ಪಿನ ಗಟ್ಟಿ, ಒಳಗೆ ಖನಿಜ ಸೇರಿಸಿದ್ದಾರೆ, ಕಂಪನಿಗೆ ಇದರ ಪ್ರಚಾರ ಸಿಕ್ಕಿದೆ ಎಂದು ಮ್ಯಾನೇಜರ್ ಹೇಳಿದರು. ಅದರ ಪಕ್ಕದಲ್ಲಿ ಸ್ಟ್ಯಾಂಡಿಗೆ ಸಿಕ್ಕಿಸಿದ ಫೋನು, ಅದಕ್ಕೆ ಒಂದು ಪುಟ್ಟ ಮೈಕು. ಇದು ಎರಡನೆಯ ಸುತ್ತು, ಸಂವಹನದ ಪರೀಕ್ಷೆ, ಒಬ್ಬೊಬ್ಬರಿಗೆ ಮೂವತ್ತು ಸೆಕೆಂಡು, ಈ ಗಟ್ಟಿಯ ಬಗ್ಗೆ ಕುರಿ ಸಾಕುವವರಿಗೆ ಹೇಳಬೇಕು ಎಂದರು. ಪರೀಕ್ಷೆ ಎಂದರು. ಆ ಪದವನ್ನು ನಾನು ಕಿವಿಯಾರೆ ಕೇಳಿದ್ದೇನೆ.

ನನ್ನ ಸರದಿ ಬಂದಾಗ ನಾನು ವಿಶ್ವವಿದ್ಯಾಲಯದ ಕನ್ನಡದಲ್ಲಿ ಶುರುಮಾಡಿದೆ. ‘ಮಾನ್ಯ ಕುರಿ ಸಾಕಾಣಿಕೆದಾರರೇ’ ಎನ್ನುವಷ್ಟರಲ್ಲಿ ಮ್ಯಾನೇಜರ್ ಕೈ ಎತ್ತಿದರು.

‘ಮೇಡಂ, ಇದು ಪಂಚಾಯ್ತಿ ನೋಟಿಸ್ ಆತು. ನಿಮ್ಮಪ್ಪ ಉಪ್ಪಿಗಿ ಕುರಿ ಹ್ಯಾಂಗ ಕರೀತಾರ, ಹಂಗ ಕರೀರಿ.’

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕಡೆ ಉಪ್ಪಿನ ಕರೆ ಹಿಂಡಿಗೊಂದು. ಕೆರೆಯ ಹತ್ತಿರ ಎರಡು ಹಿಂಡು ಬೆರೆತರೆ ಯಾರೂ ಬಡಿಗೆ ಎತ್ತುವುದಿಲ್ಲ. ಇಬ್ಬರೂ ದೂರ ದೂರ ನಿಂತು ತಮ್ಮ ತಮ್ಮ ಕರೆ ಕರೆಯುತ್ತಾರೆ, ಹಿಂಡುಗಳು ಹಾಲು ನೀರು ಬೇರೆಯಾದಂತೆ ಎರಡಾಗುತ್ತವೆ. ಆದ್ದರಿಂದ ಒಬ್ಬರ ಕರೆಯನ್ನು ಇನ್ನೊಬ್ಬರು ತಮಾಷೆಗೂ ಕರೆಯುವುದಿಲ್ಲ. ನಮ್ಮಪ್ಪನದು ಎರಡು ಉದ್ದನೆಯ ‘ಟ್ರೂ’, ಎರಡನೆಯದು ಮೊದಲಿನದಕ್ಕಿಂತ ತಗ್ಗು. ಆಮೇಲೆ ‘ಹಯ್ಯಾ, ಉಪ್ಪ ಬಂತವ್ವಾ’. ಕಡೆಗೆ ನಾಲಿಗೆಯನ್ನು ಅಂಗುಳಿಗೆ ಹಚ್ಚಿ ಮೂರು ಸಲ ಲಟಲಟ ಎನಿಸುವುದು. ಆರೇಳು ವರ್ಷದವಳಿದ್ದಾಗ ಆಟಕ್ಕೆಂದು ನಾನು ಹಾಗೆ ಕರೆದು, ಇಡೀ ಹಿಂಡು ಬಂದು ನನ್ನ ಬರಿಗೈ ಮೂಸಿದಾಗ, ಯಾವತ್ತೂ ಕೈ ಎತ್ತದ ಅಪ್ಪ ನನಗೆ ಒಂದು ಏಟು ಕೊಟ್ಟಿದ್ದ. ದೊಡ್ಡವಳಾದ ಮೇಲೆ, ಅವನಿಗೆ ಜ್ವರ ಬಂದ ದಿನಗಳಲ್ಲಿ, ಕೈಯಲ್ಲಿ ಉಪ್ಪಿನ ಚೀಲ ಹಿಡಿದು ನಾನೇ ಕರೆದದ್ದೂ ಉಂಟು. ಕುರಿಗಳಿಗೆ ನನ್ನ ದನಿ ಗೊತ್ತಿತ್ತು.

ಆ ಕೋಣೆಯಲ್ಲಿ, ಕಂಬಳಿ ಹೊದ್ದ ಕಿಟಕಿಗಳ ನಡುವೆ, ನಾನು ಕಣ್ಣು ಮುಚ್ಚಿ ಅಪ್ಪನ ಕರೆಯನ್ನು ಕರೆದೆ.

ಮ್ಯಾನೇಜರ್ ಚಪ್ಪಾಳೆ ತಟ್ಟಿ ಇನ್ನೊಮ್ಮೆ ಎಂದರು. ಇನ್ನೊಮ್ಮೆ ಕರೆದೆ. ಮೈಕಿನಿಂದ ಒಂದು ಗೇಣು ದೂರ ನಿಂತು ಮತ್ತೊಮ್ಮೆ ಎಂದರು. ಮತ್ತೊಮ್ಮೆಯೂ ಕರೆದೆ. ಪರೀಕ್ಷೆಯಲ್ಲಿ ಒಂದೇ ಉತ್ತರವನ್ನು ಮೂರು ಸಲ ಯಾಕೆ ಬರೆಸುತ್ತಾರೆ ಎಂಬ ಸಂಶಯ ನನಗೆ ಆಗ ಬರಬೇಕಿತ್ತು. ಬರಲಿಲ್ಲ. ನಾನು ಸಂತೋಷದಲ್ಲಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಸಿರ್ಗಾಪುರದ ಹುಡುಗಿ, ನಿನ್ನದು ಆಗೇ ಹೋಯಿತು, ತನ್ನದೇ ಗೊತ್ತಿಲ್ಲ ಎಂದಳು. ತಮ್ಮ ಮನೆಯಲ್ಲಿರುವುದು ಕಬ್ಬು, ಕಬ್ಬನ್ನು ಯಾರೂ ಕರೆಯುವುದಿಲ್ಲ ಎಂದು ನಕ್ಕಳು. ನಾನು ಮನೆಗೆ ಬಂದು ಅವ್ವನಿಗೆ, ಬಹುತೇಕ ಆದಂತೆಯೇ ಎಂದೆ. ಅಪ್ಪನಿಗೆ ಮಾತ್ರ ಏನೂ ಹೇಳಲಿಲ್ಲ. ಆದೇಶದ ಕಾಗದ ಬಂದ ಮೇಲೆ ಅದನ್ನು ಅವನ ಕೈಗೇ ಕೊಡಬೇಕೆಂದಿತ್ತು.

ಕಾಗದ ಬರಲಿಲ್ಲ. ಒಂದು ವಾರದ ಮೇಲೆ ನಾನೇ ಸಂದೇಶ ಕಳಿಸಿದೆ. ‘ಪ್ರಾಸೆಸ್ ನಡದದ’ ಎಂಬ ಉತ್ತರ ಬಂತು. ಇನ್ನೊಂದು ವಾರದ ಮೇಲೆ ಕೇಳಿದಾಗ ಹೆಬ್ಬೆರಳಿನ ಒಂದು ಚಿತ್ರ ಬಂತು. ಆ ಹೆಬ್ಬೆರಳು ಹೌದೋ, ಆಯಿತು ನೋಡೋಣವೋ, ಇನ್ನು ಕೇಳಬೇಡಿ ಎಂದೋ? ಹಳೆಯ ಶಾಸನಗಳಲ್ಲಿ ಅಳಿದ ಅಕ್ಷರಗಳನ್ನು ಊಹಿಸುವುದನ್ನು ನನಗೆ ಕಲಿಸಿದ್ದರು. ಹೆಬ್ಬೆರಳನ್ನು ಓದುವುದನ್ನು ಕಲಿಸಿರಲಿಲ್ಲ.

ಕಡಲೆಯ ಗಿಡಗಳು ಕಾಯಿ ಕಟ್ಟುವ ಹೊತ್ತು ಅದು. ಒಂದು ಮುಂಜಾನೆ ಅಪ್ಪನಿಗೆ ಬುತ್ತಿ ತೆಗೆದುಕೊಂಡು ಹೊಲಕ್ಕೆ ಹೊರಟಿದ್ದೆ. ಹಿಂಡು ನಮ್ಮ ಬೀಳು ಹೊಲದಲ್ಲಿ ಮೇಯುತ್ತಿತ್ತು. ಅಪ್ಪ ಬೇವಿನ ಕೆಳಗೆ ಕೂತು ಒಂದು ಮರಿಯ ಗೊರಸಿನಿಂದ ಮುಳ್ಳು ತೆಗೆಯುತ್ತಿದ್ದ. ಡಾಂಬರು ರಸ್ತೆಯ ತಿರುವಿನಿಂದ ಆಟೋದ ಶಬ್ದ ಬಂತು, ಅದರ ಹಿಂದೆಯೇ ಸ್ಪೀಕರಿನ ಕರಕರ, ಅದರ ಹಿಂದೆ ನಾನು.

ಟ್ರೂ, ಟ್ರೂ. ಹಯ್ಯಾ, ಉಪ್ಪ ಬಂತವ್ವಾ.

ಒಂದು ಕ್ಷಣ ನಾನೇ ಕರೆದೆನೇನೋ ಎಂದು ಬಾಯಿ ಮುಟ್ಟಿ ನೋಡಿಕೊಂಡೆ. ಅಪ್ಪ ತಲೆ ಎತ್ತಿ ಮೊದಲು ನೋಡಿದ್ದು ನನ್ನ ಕಡೆಗೆ, ರಸ್ತೆಯ ಕಡೆಗಲ್ಲ. ಅಷ್ಟರಲ್ಲಿ ಮುಂದಿನ ದೊಡ್ಡ ಕುರಿ ಕಿವಿ ನಿಮಿರಿಸಿ ತಿರುಗಿತು. ಮಿಕ್ಕವೂ ತಿರುಗಿದವು. ಬೀಳು ಹೊಲಕ್ಕೂ ರಸ್ತೆಗೂ ನಡುವೆ ಇದ್ದದ್ದು ಪಕ್ಕದ ಹೊಲದ ಕಾಕಾನ ಕಡಲೆ. ಇಡೀ ಹಿಂಡು ಆ ಕಡಲೆಯ ಮೇಲೆ ಹಾಯ್ದು ಆಟೋದ ಬೆನ್ನು ಹತ್ತಿತು. ಅಪ್ಪ ಕೂಗಿದ, ಕುರಿಗಳು ನಿಲ್ಲಲಿಲ್ಲ. ಕಡೆಗೆ ಅವುಗಳನ್ನು ತಿರುಗಿಸಲು ಅವನಿಗೆ ಗೊತ್ತಿದ್ದದ್ದು ಒಂದೇ ದಾರಿ. ತನ್ನ ಕರೆ ಕರೆದ. ಆಟೋದ ಮೇಲಿನ ನಾನೂ ಕರೆದೆ. ನಡುವಿನಲ್ಲಿ ಹಿಂಡು ಅತ್ತ ನಾಲ್ಕು ಹೆಜ್ಜೆ, ಇತ್ತ ನಾಲ್ಕು ಹೆಜ್ಜೆ ಇಡುತ್ತ ಕಾಕಾನ ಕಡಲೆಯನ್ನು ನೆಲಕ್ಕೆ ಹಚ್ಚಿಬಿಟ್ಟಿತು.

ನಾನು ಓಡಿ ಹೋಗಿ ಆಟೋಕ್ಕೆ ಅಡ್ಡ ನಿಂತೆ. ಚಾಲಕ ನಮ್ಮ ಕಡೆಯವನೇ. ಗಾಬರಿಯಾಗಿ ಸ್ಪೀಕರು ಆರಿಸಿದ. ಇದು ಯಾರ ದನಿ ಎಂದು ಕೇಳಿದೆ.

‘ನಂಗೇನ್ ಗೊತ್ತಕ್ಕಾ, ಪೆನ್ ಡ್ರೈವ್ ಕೊಟ್ಟಾರ, ಹಚ್ಚೀನಿ. ಯಾರೋ ಹೈದರಾಬಾದಿನ ಮೇಡಂ ಅಂತ.’ ನನ್ನ ಮುಖವನ್ನೇ ನೋಡುತ್ತ ಇನ್ನೊಂದು ಮಾತು ಸೇರಿಸಿದ. ‘ಖರೆ ಭಾಳ ಛಲೋ ಕರದಾಳ, ಅಲ್ಲಾ?’

ಹನ್ನೊಂದು ದಿನದಿಂದ ಹಚ್ಚುತ್ತಿದ್ದಾನಂತೆ. ನಾಗಲಗಿದ್ದ, ಸಿರ್ಗಾಪುರ, ನಡುವಿನ ಊರುಗಳೆಲ್ಲ ಆಗಿವೆಯಂತೆ. ಕಾಕಾ ಅಷ್ಟರಲ್ಲಿ ಬಂದಿದ್ದ, ದನಿ ಯಾರದೆಂದು ಅವನಿಗೂ ಗುರುತು ಸಿಕ್ಕಿತ್ತು. ಅವನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ತುಳಿದ ಸಾಲುಗಳ ನಡುವೆ ನಿಂತು ಅಪ್ಪನಿಗೆ ಕೇಳಿದ.

‘ನೌಕ್ರಿ ಹತ್ತಿದ್ದು ನಿನ್ನ ಮಗಳಿಗೋ, ನಿನ್ನ ಕುರಿಗೋ? ಎಲ್ಲಾರೂ ಕೂಡೇ ಡ್ಯೂಟಿಗಿ ಹೊಂಟಂಗ ಕಾಣ್ತದ.’

ಅಪ್ಪ ಹಿಂಡನ್ನು ತಿರುಗಿಸಿ, ಎಣಿಸಿ, ಬೇವಿನ ಕೆಳಗೆ ಬಂದು ಕೂತ. ಬುತ್ತಿ ಬಿಚ್ಚಿ ಇಟ್ಟೆ, ಮುಟ್ಟಲಿಲ್ಲ. ನಾನು ಜಹೀರಾಬಾದು, ನಾರಾಯಣಖೇಡ, ಪರೀಕ್ಷೆ, ಮೈಕು ಎಲ್ಲವನ್ನೂ ಹೇಳಿದೆ. ನನ್ನನ್ನು ಕೇಳದೆ ನನ್ನ ದನಿ ತೆಗೆದುಕೊಂಡಿದ್ದಾರೆ, ಹೆಸರನ್ನೂ ಅಳಿಸಿದ್ದಾರೆ, ಇದಕ್ಕೆ ಅವರು ಉತ್ತರ ಕೊಡಲೇಬೇಕು ಎಂದೆ. ಅವನು ಪೂರ್ತಿ ಕೇಳಿದ.

‘ಅವರು ನಿನಗ ಕೇಳಿಲ್ಲ. ಖರೆ. ನೀ ನನಗ ಕೇಳಿದ್ಯೇನು?’

ಅವನ ಎರಡನೆಯ ಪ್ರಶ್ನೆ ಅದು. ಬಿಚ್ಚಿದ್ದ ಬುತ್ತಿಯನ್ನು ಮತ್ತೆ ಕಟ್ಟಿದೆ.

ಅಪ್ಪ ಮರಿಯನ್ನು ಹತ್ತಿರ ಎಳೆದು ಮುಳ್ಳು ತೆಗೆಯಲು ಮತ್ತೆ ಗೊರಸು ಹಿಡಿದ. ಕಡಲೆ ಹೋದದ್ದಕ್ಕೆ ಕಾಕಾನ ಕೈಕಾಲು ಹಿಡಿದರಾಯಿತು, ಕುರಿಗೆ ಏನು ಹೇಳುವುದು ಎಂದ. ‘ಉಪ್ಪ ಬಂತು ಅಂತ ಕರದಾರ. ಓಡಿ ಹೋಗ್ಯಾವ. ಅಲ್ಲಿ ಉಪ್ಪಿಲ್ಲ. ಇನ್ನ ನಾ ಕರದ್ರ ಅವು ಎದಕ್ಕ ನಂಬಬೇಕು?’

ಅವತ್ತು ಸಂಜೆಯೇ ಕಂಪನಿಯಿಂದ ಸಂದೇಶ ಬಂತು. ಅಭಿನಂದನೆಗಳು, ನೀವು ಮೂರನೆಯ ಸುತ್ತಿಗೆ ಆಯ್ಕೆಯಾಗಿದ್ದೀರಿ, ಸ್ಥಳ ತಾಂಡೂರು. ನಾನು ಅದನ್ನು ಎಷ್ಟೋ ಸಲ ಓದಿದೆ. ಹನ್ನೊಂದು ದಿನ ಕೆಲಸ ಮಾಡಿದವಳನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕೇ ಎಂದು ನೋಡಲು ಕರೆಯುತ್ತಿದ್ದರು. ತಾಂಡೂರಿಗೆ ನಾನು ಅಭ್ಯರ್ಥಿಯಾಗಿ ಹೋಗಬೇಕೇ, ದೂರುದಾರಳಾಗಿ ಹೋಗಬೇಕೇ? ಯಾವುದಕ್ಕೂ ಇರಲಿ ಎಂದು ಅಂಕಪಟ್ಟಿಗಳ ಫೈಲನ್ನೂ ಇಟ್ಟುಕೊಂಡೆ, ಒಂದು ಹಾಳೆಯಲ್ಲಿ ಮೂರು ಪ್ರಶ್ನೆಗಳನ್ನೂ ಬರೆದುಕೊಂಡೆ. ನಾರಾಯಣಖೇಡದ ದಿನದ ಧ್ವನಿಮುದ್ರಣ ಪರೀಕ್ಷೆಯೇ, ಕೆಲಸವೇ? ಅದನ್ನು ಬಳಸಲು ಯಾರು ಅನುಮತಿ ಕೊಟ್ಟರು? ನಾನು ಆಯ್ಕೆಯಾಗಿದ್ದೇನೆಯೇ, ಇಲ್ಲವೇ? ಹಾಗೂ, ಇದು ಹಾಳೆಯಲ್ಲಿರಲಿಲ್ಲ, ಆ ಆಟೋವನ್ನು ನಿಲ್ಲಿಸಬೇಕು.

ತಾಂಡೂರಿನ ಕಚೇರಿ ಕಲ್ಲು ಪಾಲಿಶ್ ಮಾಡುವ ಶೆಡ್ಡುಗಳ ಓಣಿಯಲ್ಲಿತ್ತು. ಚರಂಡಿಯಲ್ಲಿ ಕಲ್ಲಿನ ಹಾಲು ಬೆಳ್ಳಗೆ ಹರಿಯುತ್ತಿತ್ತು, ಚಪ್ಪಲಿಯ ಅಂಚಿಗೆ ಹತ್ತಿದ್ದು ಒಣಗಿ ಬಿಳಿಯ ಗೆರೆಯಾಯಿತು. ಈ ಸಲ ಇದ್ದವರು ಇಬ್ಬರೇ, ನಾನು ಮತ್ತು ಸಿರ್ಗಾಪುರದ ಹುಡುಗಿ. ಆಟೋ ಅವಳ ಊರಿಗೂ ಬಂದಿತ್ತು. ನನ್ನ ದನಿ ಕೇಳಿ ಮನೆಮಂದಿಗೆಲ್ಲ, ಇವಳು ನನ್ನ ಗೆಳತಿ, ನೌಕರಿ ಹತ್ತಿದೆ ಎಂದು ಹೇಳಿದ್ದಳಂತೆ. ನನಗೂ ಆಮೇಲೆಯೇ ಗೊತ್ತಾಯಿತು ಎಂದಾಗ ಅವಳು ನಗಬೇಕೋ ಬೇಡವೋ ತಿಳಿಯದೆ ದುಪಟ್ಟಾದ ತುದಿ ಹಲ್ಲಿಗೆ ಹಿಡಿದಳು.

ಮ್ಯಾನೇಜರ್ ಇಬ್ಬರನ್ನೂ ಒಟ್ಟಿಗೇ ಕರೆದರು. ನಾನು ಕೂರುವ ಮೊದಲೇ ಹಾಳೆಯನ್ನು ಮೇಜಿನ ಮೇಲಿಟ್ಟೆ. ಅವರು ಮೂರೂ ಪ್ರಶ್ನೆ ಓದಿ, ಎರಡೂ ಫೋನುಗಳನ್ನು ಮಗುಚಿಟ್ಟರು. ಅದೇ ಮೊದಲ ಸಲ ಅವರು ನನ್ನನ್ನು ನೇರವಾಗಿ ನೋಡಿದ್ದು.

ಅವರ ಮಾತನ್ನು ಆದಷ್ಟು ನ್ಯಾಯವಾಗಿ ಇಲ್ಲಿ ಕೊಡುತ್ತೇನೆ. ಪರೀಕ್ಷೆಗೆಂದೇ ಮಾಡಿಸಿದ್ದು, ಚೆನ್ನಾಗಿ ಬಂತು, ಉಪ್ಪಿನ ಕಂಪನಿಯವರು ಕೇಳಿದರು, ಕೊಟ್ಟೆವು. ಪರೀಕ್ಷೆಯಲ್ಲಿ ಪಾಸಾದದ್ದರಿಂದಲೇ ಬಳಸಿದ್ದು. ಬಳಸಿದ್ದರಿಂದಲೇ ಮೂರನೆಯ ಸುತ್ತಿಗೆ ಕರೆದದ್ದು. ನೀವು ಖುಷಿಪಡಬೇಕಾದ ವಿಷಯ ಇದು. ಹೈದರಾಬಾದಿನ ಮೇಡಂ ಎಂದು ಹೇಳಿದ್ದು ಯಾಕೆಂದರೆ, ಊರಿನ ಹುಡುಗಿ ಎಂದರೆ ಅಂಗಡಿಯವರು ಮಾಲು ಇಟ್ಟುಕೊಳ್ಳುವುದಿಲ್ಲ. ಒಂದೊಂದು ವಾಕ್ಯವೂ ಬಿಡಿಬಿಡಿಯಾಗಿ ಸರಿಯಾಗಿಯೇ ಕೇಳುತ್ತಿತ್ತು. ಒಟ್ಟು ಸೇರಿಸಿದರೆ ನನ್ನ ತಲೆ ತಿರುಗುತ್ತಿತ್ತು. ಕೊನೆಗೆ, ನೀವು ಸಹಿ ಮಾಡಿದ್ದೀರಲ್ಲ ಎಂದು ಡ್ರಾಯರಿನಿಂದ ನನ್ನ ಫಾರಂ ತೆಗೆದರು.

ಜಹೀರಾಬಾದಿನಲ್ಲಿ ಓದದೆ ಬಿಟ್ಟ ಸಣ್ಣ ಅಕ್ಷರಗಳನ್ನು ನಾನು ಅಲ್ಲಿ ನಿಂತು ಜೋರಾಗಿ ಓದಿದೆ. ಮೇಲೆ ಕೊಟ್ಟ ಮಾಹಿತಿ ನನ್ನ ತಿಳಿವಳಿಕೆಯ ಮಟ್ಟಿಗೆ ಸತ್ಯವಾಗಿದೆ. ಅಷ್ಟೇ. ದನಿಯ ಮಾತಿಲ್ಲ, ಅನುಮತಿಯ ಮಾತಿಲ್ಲ. ಮ್ಯಾನೇಜರ್ ಫಾರಂ ಇಸಿದುಕೊಂಡು ತಾವೂ ಓದಿದರು, ಹಿಂದೆ ತಿರುಗಿಸಿ ನೋಡಿದರು. ಅವರೂ ಅದನ್ನು ಅವತ್ತಿನವರೆಗೆ ಓದಿರಲಿಲ್ಲ. ಬರೆದವರು, ಕೊಟ್ಟವರು, ಸಹಿ ಮಾಡಿದವರು ಯಾರೂ ಓದದ ಕಾಗದವೊಂದು ನಮ್ಮ ನಡುವೆ ಬಿದ್ದಿತ್ತು. ಅದರಲ್ಲಿ ನಿಜವಲ್ಲದ ಸಂಗತಿ ಒಂದೇ ಇತ್ತು, ಕುರಿ ಐವತ್ತು ಎಂಬುದು, ಅದನ್ನು ಬರೆದವರು ಅವರು.

‘ಸರ್, ನಮ್ಮ ಕಡೆ ಉತ್ತರಕ್ಕ ಜವಾಬು ಅಂತಾರ,’ ಎಂದೆ. ‘ಜವಾಬ್ದಾರಿ ಅನ್ನೋದರ ಹೊಟ್ಟ್ಯಾಗ ಅದೇ ಮಾತದ. ಮೂರಕ್ಕ ಮೂರೂ ಬ್ಯಾಡ. ಒಂದಕ್ಕರೆ ಕೊಡ್ರಿ.’

ಅವರು ನಿಟ್ಟುಸಿರಿಟ್ಟರು. ಕೆಟ್ಟ ಮನುಷ್ಯನಂತೆ ಕಾಣಲಿಲ್ಲ, ಅದೇ ನನ್ನನ್ನು ಇನ್ನಷ್ಟು ಗೊಂದಲಕ್ಕೆ ಹಾಕಿದ್ದು. ತಮ್ಮನ್ನೂ ಮೇಲಿನವರು ಇನ್ನೂ ಪ್ರೊಬೇಷನ್ನಿನಲ್ಲೇ ಇಟ್ಟಿದ್ದಾರೆ ಎಂದರು. ಆಮೇಲೆ ನಿಧಾನವಾಗಿ ಹೇಳಿದರು.

‘ನೋಡ್ರಿ ಮೇಡಂ. ಆ ಆವಾಜ್ ಇದ್ರ ಆ ಕಡಿ ಪ್ರಚಾರ ಅದ. ಪ್ರಚಾರ ಇದ್ರ ನಿಮ್ಮ ಪೋಸ್ಟ್ ಅದ. ಆವಾಜ್ ತೆಗೀರಿ ಅಂದ್ರ ತೆಗೀತೀನಿ. ಆಗ ಪೋಸ್ಟೇ ಇರಂಗಿಲ್ಲ. ನೀವ ಹೇಳ್ರಿ.’

ಹೀಗೆ ಮೂರನೆಯ ಸುತ್ತಿನ ಏಕೈಕ ಪ್ರಶ್ನೆಯನ್ನು ಅವರು ಕೇಳಿದರು. ನನ್ನ ತೊಡೆಯ ಮೇಲೆ ಎಂ.ಎ. ಅಂಕಪಟ್ಟಿ ಇತ್ತು. ಒಂದು ಮಾತು ನುಂಗಿದರೆ ನಾಳೆ ಆದೇಶದ ಕಾಗದ ಅಪ್ಪನ ಕೈಯಲ್ಲಿ. ಆದರೆ ಅವನ ಮೊದಲ ಪ್ರಶ್ನೆಗೆ ಅದು ಉತ್ತರವಾಗುತ್ತಿದ್ದದ್ದು ಎರಡನೆಯ ಪ್ರಶ್ನೆಯ ಮೇಲೆ ಕಾಲಿಟ್ಟು. ತೆಗೆಯಿರಿ ಎಂದೆ. ದನಿ ನನ್ನದೇ, ಅದನ್ನು ಬೇಕಾದರೆ ಕೊಡುತ್ತಿದ್ದೆನೇನೋ, ಕರೆ ನನ್ನದಲ್ಲ ಎಂದೂ ಹೇಳಿದೆ. ಅದು ಅವರಿಗೆ ಅರ್ಥವಾಗಲಿಲ್ಲ, ಆಗಬೇಕೆಂದು ನಾನು ನಿರೀಕ್ಷಿಸಲೂ ಇಲ್ಲ. ಅವರು ಫೋನಿನಲ್ಲಿದ್ದ ಫೈಲನ್ನು ನನ್ನೆದುರೇ ಅಳಿಸಿದರು, ಆಟೋದವನಿಗೆ ಫೋನು ಹಚ್ಚಿ ಪೆನ್ ಡ್ರೈವ್ ವಾಪಸು ತರಲು ಹೇಳಿದರು. ಬರವಣಿಗೆಯಲ್ಲಿ ಕೊಡಿ ಎಂದಾಗ ನನ್ನ ಹಾಳೆಯ ಅಡಿಯಲ್ಲೇ ‘ತೆಗೆಯಲಾಗಿದೆ’ ಎಂದು ಬರೆದು ಸಹಿ ಮಾಡಿದರು. ಮೂರು ಪ್ರಶ್ನೆಗಳು ಮೇಲೆ ಹಾಗೆಯೇ ಉಳಿದವು. ಬಳಿಕ ಸಿರ್ಗಾಪುರದ ಹುಡುಗಿಯ ಕಡೆ ತಿರುಗಿ, ನೀವು ಅದೇ ತರಹ ಒಂದು ಕರೆ ಕರೆಯಬಲ್ಲಿರಾ ಎಂದರು.

‘ನಮ್ಮನ್ಯಾಗ ಕಬ್ಬು ಅದರಿ ಸರ್,’ ಎಂದಳು ಅವಳು. ‘ನಾ ಕರದ್ರ ಶುಗರ್ ಫ್ಯಾಕ್ಟರಿ ಲಾರಿನೇ ಬರ್ಬೇಕು.’

ಮ್ಯಾನೇಜರ್ ಸಹ ನಕ್ಕರು. ಇಬ್ಬರಿಗೂ ಹೇಳಿ ಕಳಿಸುತ್ತೇವೆ ಎಂದರು. ಪೋಸ್ಟೇ ಇಲ್ಲ ಎಂದ ಬಾಯಿಂದಲೇ ಅದು ಹೇಗೆ ಬಂತು ಎಂದು ನಾನು ಜಹೀರಾಬಾದಿನಲ್ಲಿ ಬಸ್ ಬದಲಿಸುವವರೆಗೂ ಯೋಚಿಸಿದೆ. ಹುಡುಗಿ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಳು. ಅವಳಿಗೂ ಇಂದಿನವರೆಗೆ ಹೌದೆಂದೂ ಹೇಳಿಲ್ಲ, ಇಲ್ಲವೆಂದೂ ಹೇಳಿಲ್ಲ. ನನಗೆ ಮಾತ್ರ ಹೋದ ತಿಂಗಳು ಒಂದು ಸಂದೇಶ ಬಂತು: ಅದೇ ಕಂಪನಿ, ಅದೇ ಹುದ್ದೆ, ಮೊದಲ ಸುತ್ತು, ಜಹೀರಾಬಾದ್, ಕನ್ನಡ ಬಲ್ಲವರಿಗೆ ಆದ್ಯತೆ. ನನ್ನ ಮೂರನೆಯ ಸುತ್ತಿನ ಫಲಿತಾಂಶ ಏನಾಯಿತು ಎಂದು ಬರೆದು ಕಳಿಸಿದೆ. ಎರಡು ನೀಲಿ ಗೆರೆ ಬಿದ್ದವು. ಹೆಬ್ಬೆರಳೂ ಬರಲಿಲ್ಲ. ಹನ್ನೆರಡು ಜನರನ್ನು ಕರೆಸಿ, ಇಬ್ಬರನ್ನು ಮೂರು ಊರು ಸುತ್ತಿಸಿದವರು ಹನ್ನೆರಡು ಸಲ ‘ಇಲ್ಲ’ ಎಂದು ಬರೆಯಲಾರದಷ್ಟು ಯಾವ ಕೆಲಸದಲ್ಲಿದ್ದಾರೆ? ಇದನ್ನು ಕೇಳುವುದನ್ನು ನಾನು ಬಿಡುವುದಿಲ್ಲ. ಆ ಸಹಿ ಮಾಡಿದ ಹಾಳೆ ನನ್ನ ಫೈಲಿನಲ್ಲಿ ಅಂಕಪಟ್ಟಿಯ ಮೇಲೆಯೇ ಇದೆ.

ತಾಂಡೂರಿನಿಂದ ಬಂದ ದಿನ ಆಟೋ ನಿಲ್ಲುತ್ತದೆ ಎಂದು ಅಪ್ಪನಿಗೆ ಹೇಳಿದೆ. ಕೆಲಸವೂ ಇಲ್ಲ ಎಂದೆ. ಅವನು ತಲೆಯಾಡಿಸಿದ. ಮೊದಲ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ. ಆಟೋ ನಿಜಕ್ಕೂ ಮತ್ತೆ ಬರಲಿಲ್ಲ, ಅಂದರೆ ನನ್ನ ದನಿಯೊಂದಿಗೆ ಬರಲಿಲ್ಲ. ಈಗ ಒಂದು ಸಿನಿಮಾ ಹಾಡು ಹಚ್ಚಿಕೊಂಡು ಬರುತ್ತದೆ. ಆದರೆ ಅಪ್ಪ ಕರೆದಾಗ ಹಿಂಡು ಮೊದಲಿನ ಹಾಗೆ ಬರುತ್ತಿರಲಿಲ್ಲ. ಕಿವಿ ನಿಮಿರಿಸುತ್ತಿದ್ದವು, ಎರಡು ಹೆಜ್ಜೆ ಇಡುತ್ತಿದ್ದವು, ನಿಲ್ಲುತ್ತಿದ್ದವು. ನಾಲ್ಕು ದಿನ ನೋಡಿ ಅಪ್ಪ ಆ ಕರೆಯನ್ನು ಬಿಟ್ಟ. ಅವನ ಅಪ್ಪನಿಂದ ಬಂದದ್ದು ಅದು. ಇನ್ನು ಅದು ಯಾರ ಹಿಂಡಿನದೂ ಅಲ್ಲವಾದ್ದರಿಂದಲೇ ಇಲ್ಲಿ ಅಕ್ಷರದಲ್ಲಿ ಬರೆಯುವ ಧೈರ್ಯ ಮಾಡಿದ್ದೇನೆ, ಈ ಸಲ ಅವನನ್ನು ಕೇಳಿ.

ಒಂದು ಇಳಿಹೊತ್ತು ಅವನು ಉಪ್ಪಿನ ಚೀಲವನ್ನು ನನ್ನ ಕೈಗೆ ಕೊಟ್ಟು ಉಪ್ಪು ಹಾಕುವ ಕಲ್ಲುಗಳ ಹತ್ತಿರ ಕರೆದುಕೊಂಡು ಹೋದ. ಹೊಸ ಕರೆಯನ್ನು ಅವನು ಎಷ್ಟು ದಿನದಿಂದ ಬಾಯಲ್ಲಿ ಕಟ್ಟುತ್ತಿದ್ದನೋ ಗೊತ್ತಿಲ್ಲ. ನನಗೆ ಮೊದಲು ಮೆಲ್ಲಗೆ ಕೇಳಿಸಿದ, ನನ್ನಿಂದ ಹೇಳಿಸಿದ, ಒಂದು ಕಡೆ ತಿದ್ದಿದ.

‘ಕಲ್ಲಿನ ಮ್ಯಾಲ ಮೊದ್ಲ ಉಪ್ಪ ಹಾಕು,’ ಎಂದ. ‘ಆಮ್ಯಾಲ ಕರಿ. ಮತ್ತ ಇದ ಎಲ್ಲೂ ಬರೀಬ್ಯಾಡ.’

ನಾನು ಪ್ರತಿ ಕಲ್ಲಿನ ಮೇಲೂ ಒಂದೊಂದು ಹಿಡಿ ಉಪ್ಪು ಹಾಕಿದೆ. ಅಪ್ಪ ಕರೆದ, ಆಮೇಲೆ ನಾನು ಕರೆದೆ. ಅವತ್ತು ಬಂದವು ಮೂರು ಕುರಿ ಮಾತ್ರ. ಮಿಕ್ಕವು ಬೀಳು ಹೊಲದಲ್ಲಿ ತಲೆ ಎತ್ತಿ ನಿಂತು, ಒಮ್ಮೆ ನಮ್ಮ ಕಡೆ, ಒಮ್ಮೆ ರಸ್ತೆಯ ತಿರುವಿನ ಕಡೆ ನೋಡುತ್ತಿದ್ದವು.